ಮಿನ್ಯಾನ್: ಹತ್ತನೆಯವರು ಬರುವ ತನಕ

ನಮ್ಮ ಹಳ್ಳಿಗಳ ಕಡೆ 'ಹತ್ತು ಸಮಸ್ತರು' ಅಂತ ಒಂದು ಮಾತಿದೆ. ಹತ್ತು ಸಮಸ್ತರು ಸೇರಿ ತೀರ್ಮಾನ ಮಾಡಿದರು ಅಂದರೆ ಅಲ್ಲಿ ಎಣಿಸಿ ಹತ್ತೇ ಜನ ಇದ್ದರು ಅಂತಲ್ಲ. ಊರಿಗೆ ಊರೇ ಇತ್ತು ಅಂತ ಅರ್ಥ. ಯಹೂದಿಗಳಲ್ಲೂ ಹತ್ತಕ್ಕೆ ಇದೇ ತೂಕ. ಆದರೆ ಅವರು ನಿಜಕ್ಕೂ ಎಣಿಸುತ್ತಾರೆ. ಒಂಬತ್ತು ಜನ ಇದ್ದರೆ ಅದು ಸಭೆ ಅಲ್ಲ, ಹತ್ತಾದರೆ ಸಭೆ. ಆ ಹತ್ತು ಜನರ ಕೂಟಕ್ಕೆ ಹೀಬ್ರೂ ಭಾಷೆಯಲ್ಲಿ 'ಮಿನ್ಯಾನ್' ಅನ್ನುತ್ತಾರೆ.

ಪದದ ಅರ್ಥ ಇಷ್ಟೇ: ಎಣಿಕೆ, ಲೆಕ್ಕ. 13 ವರ್ಷ ದಾಟಿದ ಹತ್ತು ಜನ ಸೇರಬೇಕು. ಒಬ್ಬೊಬ್ಬರೇ ಕೂತು ಪ್ರಾರ್ಥನೆ ಮಾಡಲು ಅಡ್ಡಿ ಇಲ್ಲ. ಆದರೆ ತೋರಾ, ಅಂದರೆ ಯಹೂದಿಗಳ ಮೂಲ ಧರ್ಮಗ್ರಂಥದ ಸುರುಳಿಯನ್ನು ಹೊರತೆಗೆದು ಸಭೆಯ ಮುಂದೆ ಓದಲು ಮಿನ್ಯಾನ್ ಬೇಕು. ಕದ್ದಿಶ್ ಹೇಳಲೂ ಬೇಕು. ಕದ್ದಿಶ್ ಅಂದರೆ ತಂದೆಯೋ ತಾಯಿಯೋ ತೀರಿಕೊಂಡಾಗ ಮಕ್ಕಳು 11 ತಿಂಗಳು ದಿನಾ ಹೇಳುವ ಪ್ರಾರ್ಥನೆ. ಅದರಲ್ಲಿ ಸಾವಿನ ಸುದ್ದಿಯೇ ಇಲ್ಲ, ಬರೀ ದೇವರ ಸ್ತುತಿ. ಅದನ್ನು ಒಬ್ಬರೇ ಹೇಳುವಂತಿಲ್ಲ. ದುಃಖದಲ್ಲಿ ಇರುವವರಿಗೆ ಪ್ರತಿದಿನ ಇನ್ನೂ ಒಂಬತ್ತು ಜನರ ಜೊತೆ ಬೇಕು, ಆ ಒಂಬತ್ತು ಜನಕ್ಕೆ ಇವರು ಬೇಕು. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಜೀವ ಇರುವುದು ಇಲ್ಲೇ.

ಗಮನಿಸಿ, ರಬ್ಬಿ (ಧರ್ಮಗುರು) ಇರಲೇಬೇಕು ಅಂತಿಲ್ಲ. ಕಟ್ಟಡವೂ ಬೇಕಿಲ್ಲ. ಮನೆಯ ಪಡಸಾಲೆ, ಆಸ್ಪತ್ರೆಯ ವರಾಂಡ, ಎಲ್ಲಾದರೂ ಸರಿ. ಕನ್ನಡ ಬೈಬಲ್‌ನಲ್ಲಿ ಸಿನಗಾಗಿಗೆ, ಅಂದರೆ ಯಹೂದಿಗಳ ಪ್ರಾರ್ಥನಾಮಂದಿರಕ್ಕೆ, 'ಸಭಾಮಂದಿರ' ಅಂತ ಇದೆ. ಹೀಬ್ರೂವಿನ 'ಬೇತ್ ಕ್ನೆಸೆತ್'ಗೆ ಇದು ಹತ್ತಿರದ ಮಾತು. ಸಭೆ ಸೇರುವ ಮನೆ ಅಂತ ಅರ್ಥ. ಸಭೆ ಮೊದಲು, ಮನೆ ಆಮೇಲೆ.

ಹತ್ತೇ ಯಾಕೆ? ಉತ್ತರ ಸ್ವಲ್ಪ ತಮಾಷೆಯಾಗಿದೆ. ಬೈಬಲಿನ ಕಥೆಯಲ್ಲಿ, ಯಹೂದಿಗಳ ನಾಯಕ ಮೋಶೆ ತಾವು ಹೋಗಿ ಸೇರಬೇಕಾದ ಕಾನಾನ್ ದೇಶ ನೋಡಿಕೊಂಡು ಬರಲು 12 ಜನರನ್ನು ಕಳಿಸುತ್ತಾನೆ. ಇಬ್ಬರು ಧೈರ್ಯ ಹೇಳುತ್ತಾರೆ. ಉಳಿದ ಹತ್ತು ಜನ 'ಅಲ್ಲಿ ನಮ್ಮ ಕೈಲಾಗಲ್ಲ' ಅಂತ ಊರನ್ನೆಲ್ಲ ಹೆದರಿಸುತ್ತಾರೆ. ದೇವರು ಅವರನ್ನು 'ಈ ಕೆಟ್ಟ ಸಭೆ' ಅಂತ ಬೈಯುತ್ತಾನೆ. ಸರಿ, ಹತ್ತು ಜನ ಅಂದರೆ ಸಭೆ ಅಂತಾಯಿತಲ್ಲ ಅಂತ ತಾಲ್ಮುದ್ ಎಂಬ ಧರ್ಮಚರ್ಚೆಯ ಗ್ರಂಥದ ಪಂಡಿತರು ಹಿಡಿದುಕೊಂಡರು! ಒಳ್ಳೆಯ ಹತ್ತು ಜನರೇ ಬೇಕು ಅಂತ ಇದ್ದಿದ್ದರೆ ಯಾವ ಊರಲ್ಲೂ ಮಿನ್ಯಾನ್ ಆಗುತ್ತಿರಲಿಲ್ಲವೇನೋ.

ಈಗ ದುಡ್ಡಿನ ಮಾತಿಗೆ ಬರೋಣ. ಸಭೆ ಅಂದಮೇಲೆ ದೀಪ, ನೀರು, ಸೂರು, ಸಂಬಳ ಎಲ್ಲ ಇದ್ದೇ ಇರುತ್ತೆ ಅಲ್ವಾ. ಯಹೂದಿಗಳಲ್ಲಿ ಜನರನ್ನು ಎಣಿಸುವುದೂ ವಂತಿಗೆ ಎತ್ತುವುದೂ ಮೊದಲಿನಿಂದ ಜೋಡಿಯಾಗೇ ಬಂದಿವೆ. ತಲೆ ಎಣಿಸಬಾರದು, ಎಣಿಸಿದರೆ ಕೇಡು ಅನ್ನುವ ಭಯ ಅವರಿಗೆ ಹಿಂದಿನಿಂದ ಇದೆ. ನಮ್ಮ ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ 'ಒಂದು' ಅನ್ನದೆ 'ಲಾಭ' ಅನ್ನುತ್ತಾರಲ್ಲ, ಆ ಥರದ್ದೇ ಅಳುಕು. ಅದಕ್ಕೆ ತೋರಾದ ಎರಡನೇ ಪುಸ್ತಕ ವಿಮೋಚನಕಾಂಡ ಒಂದು ಉಪಾಯ ಹೇಳುತ್ತದೆ. 20 ವರ್ಷ ಆದ ಪ್ರತಿಯೊಬ್ಬ ಗಂಡಸೂ ಅರ್ಧ ಶೆಕೆಲ್ ಕೊಡಲಿ. ಎಣಿಸುವುದು ನಾಣ್ಯವನ್ನು, ತಲೆಯನ್ನಲ್ಲ. ಜನಗಣತಿಯೂ ಆಯಿತು, ದೇವರ ಆರಾಧನೆ ನಡೆಯುತ್ತಿದ್ದ ಗುಡಾರದ ಖರ್ಚಿಗೆ ಹಣವೂ ಬಂತು.

ಅಲ್ಲೇ ಇನ್ನೊಂದು ಷರತ್ತಿದೆ: ಶ್ರೀಮಂತ ಅರ್ಧಕ್ಕಿಂತ ಜಾಸ್ತಿ ಕೊಡಬಾರದು, ಬಡವ ಕಡಿಮೆ ಕೊಡಬಾರದು. ಬಡವನಿಗೆ ಇದು ಭಾರವೇ, ಸುಳ್ಳು ಯಾಕೆ ಹೇಳಬೇಕು. ಆದರೆ ದುಡ್ಡಿದ್ದವನಿಗೆ ಎರಡು ನಾಣ್ಯ ಹಾಕಿ ಇಬ್ಬರ ಲೆಕ್ಕದಲ್ಲಿ ಮೆರೆಯುವ ದಾರಿಯೂ ಮುಚ್ಚಿಹೋಯಿತು. ಮುಂದೆ ಇದೇ ಕಾಣಿಕೆ ಜೆರುಸಲೇಮಿನ ದೇವಾಲಯಕ್ಕೆ ವರ್ಷಾವರ್ಷ ಹೋಗುತ್ತಿತ್ತು. 70ನೇ ಇಸವಿಯಲ್ಲಿ ರೋಮನ್ನರು ದೇವಾಲಯ ಕೆಡವಿದರು. ದುಡ್ಡು ಮಾತ್ರ ಬಿಡಲಿಲ್ಲ. ಚಕ್ರವರ್ತಿ ವೆಸ್ಪಾಸಿಯನ್ ಅದನ್ನು ತೆರಿಗೆ ಮಾಡಿ ರೋಮ್‌ನ ಜೂಪಿಟರ್ ಗುಡಿಗೆ ತಿರುಗಿಸಿದ. ಆ ಹಳೆಯ ಕಾಣಿಕೆಯ ನೆನಪಿಗೆ ಇವತ್ತಿಗೂ ಪೂರಿಮ್ ಹಬ್ಬಕ್ಕೆ ಮುಂಚೆ ಸಿನಗಾಗುಗಳಲ್ಲಿ ಅರ್ಧದ ನಾಣ್ಯಗಳನ್ನು ಹಾಕುತ್ತಾರೆ. ಅಮೆರಿಕದಲ್ಲಾದರೆ ಅರ್ಧ ಡಾಲರು.

ಸಿನಗಾಗಿಗೆ ಹಣ ಕೂಡಿಸುವುದರಲ್ಲಿ ಒಂದು ತೊಡಕಿದೆ. ಜನ ಜಾಸ್ತಿ ಬರುವುದು ವಾರದ ವಿಶ್ರಾಂತಿಯ ದಿನವಾದ ಸಬ್ಬತ್‌ನಂದು, ಶನಿವಾರ. ಅವತ್ತು ಸಂಪ್ರದಾಯಸ್ಥರು ದುಡ್ಡು ಮುಟ್ಟುವಂತಿಲ್ಲ, ಬರೆಯುವಂತಿಲ್ಲ. ಹಾಗಾಗಿ ಮಂಗಳಾರತಿ ತಟ್ಟೆಯ ಥರ ಯಾವುದೂ ಇಲ್ಲ. ಅದಕ್ಕೆ ಬೇರೆ ದಾರಿ ಹುಡುಕಿಕೊಂಡರು. ಕೆಲವು ಕಡೆ ತೋರಾ ಓದಲು ಮುಂದೆ ಬರುವ ಗೌರವವನ್ನು ಹರಾಜು ಹಾಕುತ್ತಾರೆ. ಕೂಗಿದವರು ಸಬ್ಬತ್ ಮುಗಿದ ಮೇಲೆ ಹಣ ಕಟ್ಟಬೇಕು. ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪೂರ್ ರಾತ್ರಿಯೂ ಇದೇ ನಿಯಮ, ಹಾಗಾಗಿ ಅವತ್ತು ಅಮೆರಿಕದ ಅನೇಕ ಸಿನಗಾಗುಗಳಲ್ಲಿ ಒಂದು ಕಾರ್ಡ್ ಕೊಡುತ್ತಾರೆ. ಅಂಚಿನಲ್ಲಿ ಮೊತ್ತಗಳು ಅಚ್ಚಾಗಿರುತ್ತವೆ. ಪೆನ್ ಬೇಡ, ಕೊಡಬೇಕೆಂದಿರುವ ಮೊತ್ತದ ಚೂರನ್ನು ಮಡಚಿದರೆ ಆಯಿತು. ಇದನ್ನು ಯೋಚಿಸಿದ ತಲೆಗೆ ಒಂದು ನಮಸ್ಕಾರ.

ಆದರೆ ದೊಡ್ಡ ಆದಾಯ ಬರುವುದು ವಾರ್ಷಿಕ ಚಂದಾದಿಂದ, ದೊಡ್ಡ ಹಬ್ಬಗಳ ಟಿಕೆಟ್‌ನಿಂದ. ಒಂದು ಕಾಲದಲ್ಲಿ ಅಮೆರಿಕದಲ್ಲಿ ಬೆಂಚುಗಳನ್ನೇ ಮಾರುತ್ತಿದ್ದರು, ಬಾಡಿಗೆಗೆ ಕೊಡುತ್ತಿದ್ದರು. ದುಡ್ಡಿದ್ದವರು ಮುಂದೆ, ಇಲ್ಲದವರು ಹಿಂದೆ. ಇದು ಸರಿಯಲ್ಲ ಅಂತ ಸ್ಟೀಫನ್ ವೈಸ್ ಎಂಬ ರಬ್ಬಿ 1907ರಲ್ಲಿ ನ್ಯೂಯಾರ್ಕಿನಲ್ಲಿ 'ಫ್ರೀ ಸಿನಗಾಗ್' ಶುರು ಮಾಡಿದರು. ಯಾರು ಎಲ್ಲಿ ಬೇಕಾದರೂ ಕೂರಬಹುದು, ಕೈಲಾದ್ದು ಕೊಡಬಹುದು. ಈಚಿನ ವರ್ಷಗಳಲ್ಲಿ ಅಲ್ಲಿನ ಇನ್ನೂ ಎಷ್ಟೋ ಸಿನಗಾಗುಗಳು ನಿಗದಿ ಚಂದಾ ಬಿಟ್ಟು ಇದೇ ದಾರಿ ಹಿಡಿದಿವೆ. ಒಟ್ಟು ಖರ್ಚು ಇಷ್ಟು, ಮನೆಗೆ ಇಷ್ಟು ಬೀಳುತ್ತದೆ, ನಿಮ್ಮ ಕೈಲಿ ಎಷ್ಟಾಗುತ್ತದೋ ಹೇಳಿ ಅಂತ ಕೇಳುತ್ತಾರೆ. ಅರ್ಧ ಶೆಕೆಲ್‌ಗೆ ಇದು ಪೂರ್ತಿ ಉಲ್ಟಾ ಲೆಕ್ಕ. ಉದ್ದೇಶ ಮಾತ್ರ ಅದೇ: ದುಡ್ಡಿನ ಕಾರಣಕ್ಕೆ ಯಾರೂ ಎಣಿಕೆಯಿಂದ ಹೊರಗೆ ಉಳಿಯಬಾರದು.

ದುಡ್ಡೊಂದೇ ಅಲ್ಲ, ಹೊರಗಿಡಲು ಕಾರಣಗಳು ಬೇಕಾದಷ್ಟಿದ್ದವು. ಮೊದಲನೆಯದು ಹೆಣ್ಣು ಅನ್ನುವುದು. ಹಳೆಯ ನಿಯಮದಲ್ಲಿ ಹತ್ತು ಅಂದರೆ ಹತ್ತು ಗಂಡಸರು. ಸಂಪ್ರದಾಯ ಬಿಡದ ಆರ್ಥೊಡಾಕ್ಸ್ ಪಂಥದವರಲ್ಲಿ ಇವತ್ತೂ ಹಾಗೆಯೇ. 1846ರಲ್ಲಿ ಆಗಿನ ಜರ್ಮನ್ ನಾಡಿನ ಬ್ರೆಸ್ಲೌ ನಗರದಲ್ಲಿ ಸೇರಿದ ಸುಧಾರಣೆಯ ರಬ್ಬಿಗಳ ಮುಂದೆ, ಹೆಂಗಸರನ್ನೂ ಎಣಿಸಬೇಕು ಅನ್ನುವ ವರದಿ ಬಂತು. ಸಂಪ್ರದಾಯಕ್ಕೂ ಸುಧಾರಣೆಗೂ ನಡುವೆ ನಿಂತ ಅಮೆರಿಕದ ಕನ್ಸರ್ವೇಟಿವ್ ಪಂಥ 'ಎಣಿಸಬಹುದು' ಅನ್ನುವ ಹೊತ್ತಿಗೆ 1973 ಆಗಿತ್ತು. ಅದೂ 'ಬಹುದು' ಮಾತ್ರ, ಆಯಾ ಸಿನಗಾಗಿಗೆ ಬಿಟ್ಟದ್ದು. 2002ರಲ್ಲಿ ಜೆರುಸಲೇಮಿನಲ್ಲಿ ಹುಟ್ಟಿದ 'ಶಿರಾ ಹಡಶಾ' ಎಂಬ ಸಭೆ ಬೇರೆಯೇ ಜಾಣತನ ತೋರಿತು. ಅಲ್ಲಿ ಹತ್ತು ಗಂಡಸರು ಬಂದರೂ ಪ್ರಾರ್ಥನೆ ಶುರುವಾಗಲ್ಲ, ಹತ್ತು ಹೆಂಗಸರೂ ಬರಬೇಕು.

ಕಿವುಡರದ್ದು ಇನ್ನೊಂದು ಕಥೆ. ಕಿವಿ ಕೇಳದ, ಮಾತು ಬಾರದ ಮನುಷ್ಯನಿಗೆ ತಿಳಿವಳಿಕೆ ಇಲ್ಲ ಅಂತ ಹಳೆಯ ಕಾಲದವರು ಲೆಕ್ಕದಿಂದ ಬಿಟ್ಟಿದ್ದರು. ಸನ್ನೆಭಾಷೆಯೂ ಭಾಷೆಯೇ, ಅದರಲ್ಲಿ ಮಾತಾಡುವವರು ಮಿನ್ಯಾನ್‌ಗೆ ಸೇರುತ್ತಾರೆ ಅಂತ ಕನ್ಸರ್ವೇಟಿವ್ ಪಂಥದ ಧರ್ಮಸಮಿತಿ ಒಪ್ಪಿದ್ದು 2011ರಲ್ಲಿ. ಇಷ್ಟು ತಡವಾಗಿ ಅಂತ ನನಗೆ ಆಶ್ಚರ್ಯವಾಯಿತು.

ನಮ್ಮ ದೇಶಕ್ಕೆ ಬಂದರೆ, ಮುಂಬೈಯ ಮೊದಲ ಸಿನಗಾಗಿಗೂ ಮೈಸೂರಿಗೂ ನಂಟಿದೆ. ಕೊಂಕಣ ಕರಾವಳಿಯ ಯಹೂದಿಗಳಾದ ಬೆನೆ ಇಸ್ರಾಯೇಲರು ಹೇಳುವ ಕಥೆ ಇದು. ಇಂಗ್ಲಿಷರ ಸೇನೆಯಲ್ಲಿದ್ದ ಸ್ಯಾಮುಯೆಲ್ ಎಜೆಕಿಯಲ್ ದಿವೇಕರ್ ಟಿಪ್ಪುವಿನ ಕೈಗೆ ಸೆರೆ ಸಿಕ್ಕಿದರು. ಇವರು ಇಸ್ರಾಯೇಲಿನ ಮಕ್ಕಳು ಅಂತ ಕೇಳಿದ ಟಿಪ್ಪುವಿನ ತಾಯಿ, ಕೊಲ್ಲಬೇಡ ಅಂದರಂತೆ. ಬದುಕಿ ಬಂದ ದಿವೇಕರ್ 1796ರಲ್ಲಿ ಸಿನಗಾಗ್ ಕಟ್ಟಿಸಿದರು. ಅದರ ಹೆಸರು 'ಶಾರ್ ಹಾರಹಮೀಮ್', ಕರುಣೆಯ ಬಾಗಿಲು. ಬೆನೆ ಇಸ್ರಾಯೇಲರು ಸಿನಗಾಗನ್ನೂ ಮಸ್ಜಿದ್ ಅನ್ನುತ್ತಿದ್ದರು, ಹತ್ತಿರದ ಮಸ್ಜಿದ್ ರೈಲು ನಿಲ್ದಾಣಕ್ಕೆ ಆ ಹೆಸರು ಬಂದಿದ್ದೂ ಇದರಿಂದಲೇ ಅನ್ನುವ ಮಾತಿದೆ. ಅದೇ ಊರಿನ ಫೋರ್ಟ್ ಪ್ರದೇಶದಲ್ಲಿ ಸಸೂನ್ ಎಂಬ ಯಹೂದಿ ವ್ಯಾಪಾರಿ ಮನೆತನ 1884ರಲ್ಲಿ ಕಟ್ಟಿಸಿದ ಕೆನೆಸೆತ್ ಎಲಿಯಾಹೂ ಸಿನಗಾಗ್ ಇದೆ. 2019ರಲ್ಲಿ ಅದರ ಜೀರ್ಣೋದ್ಧಾರ ಮುಗಿಯಿತು. ದುಡ್ಡು ಕೊಟ್ಟವರಲ್ಲಿ ಜೆಎಸ್‌ಡಬ್ಲ್ಯು ಫೌಂಡೇಶನ್ ಕೂಡ ಒಂದು. ಹೌದು, ನಮ್ಮ ತೋರಣಗಲ್ಲಿನಲ್ಲಿ ಉಕ್ಕು ಮಾಡುವವರೇ.

ಬೆಂಗಳೂರಿನಲ್ಲಿ ಇಂಥ ಹಳೆಯ ಸಿನಗಾಗ್ ಇಲ್ಲ. ಮೈಸೂರು ರಸ್ತೆಯಲ್ಲಿ ಯಹೂದಿಗಳ ಪುಟ್ಟ ಸ್ಮಶಾನ ಇದೆ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1904ರಲ್ಲಿ ಸಿಕ್ಕ ಜಾಗ. ಪ್ರಾರ್ಥನೆಗೆ ಯಾರದೋ ಮನೆಯಾದರೂ ನಡೆಯುತ್ತದೆ. ಹೂಳಲು ನೆಲ ಬೇಕೇ ಬೇಕು.

ಕೊಚ್ಚಿಯ ಕಥೆಯೇ ಬೇರೆ. ಮಟ್ಟಾಂಚೇರಿಯ ಪರದೇಶಿ ಸಿನಗಾಗ್ 1568ರದ್ದು. 'ಪರದೇಶಿ' ಅಂದರೆ ನಮ್ಮಲ್ಲಿ ಹೆಚ್ಚುಕಮ್ಮಿ ಬೈಗುಳ, ಅಲ್ಲಿ ಅದು ಹೊರದೇಶದಿಂದ ಬಂದವರು ಅನ್ನುವ ಹೆಮ್ಮೆ. ಚೀನಾದಿಂದ ತಂದ ನೀಲಿ ಬಿಳಿ ಟೈಲ್ಸ್ ಹಾಸಿದ ಆ ನೆಲ ಹೆಸರುವಾಸಿ. ಒಂದು ಕಾಲದಲ್ಲಿ ಅಲ್ಲಿ ಕೆಲವರು ಬೆಂಚಿನ ಮೇಲೆ ಕೂರುವಂತಿರಲಿಲ್ಲ, ತೋರಾ ಓದಲು ಅವರನ್ನು ಕರೆಯುತ್ತಿರಲಿಲ್ಲ. ಹಿಂದೆ ಯಹೂದಿ ಮನೆಗಳಲ್ಲಿ ಗುಲಾಮರಾಗಿದ್ದು ಬಿಡುಗಡೆಯಾದವರ ವಂಶದವರು ಅನ್ನುವುದೇ ಕಾರಣ. ಆ ಜನರ ನಡುವೆಯೇ ಹುಟ್ಟಿದ ವಕೀಲ ಎ. ಬಿ. ಸೇಲಂ ಇದರ ವಿರುದ್ಧ ಸತ್ಯಾಗ್ರಹ ಹೂಡಿದರು. ಸಿನಗಾಗನ್ನು ಬಹಿಷ್ಕರಿಸಿದರು, ವಾದ ಮಾಡಿದರು. 'ಯಹೂದಿ ಗಾಂಧಿ' ಅಂತ ಅವರಿಗೆ ಹೆಸರೇ ಬಂತು. ಕಟ್ಟಳೆಗಳು ಒಂದೊಂದಾಗಿ ಸಡಿಲಾದವು. ಅಷ್ಟರಲ್ಲಿ ಇಸ್ರೇಲ್ ದೇಶ ಹುಟ್ಟಿತು. 1950ರ ದಶಕದಲ್ಲಿ ಕೊಚ್ಚಿಯ ಹೆಚ್ಚಿನ ಯಹೂದಿಗಳು ಗಂಟುಮೂಟೆ ಕಟ್ಟಿದರು.

ಈಗ ಅಲ್ಲಿ ಪ್ರವಾಸಿಗಳು ಸಾಲು ನಿಂತು ಟಿಕೆಟ್ ಕೊಳ್ಳುತ್ತಾರೆ. ಕಟ್ಟಡ ಗಟ್ಟಿಯಾಗಿದೆ. ಊರಿನಲ್ಲಿ ಉಳಿದಿರುವ ಯಹೂದಿಗಳು ಬೆರಳೆಣಿಕೆಯಷ್ಟು. ಪ್ರಾರ್ಥನೆ ನಡೆಯಬೇಕಾದರೆ ಹೊರಗಿನಿಂದ ಬಂದ ಯಹೂದಿಗಳು ಕೈಜೋಡಿಸಬೇಕು. ಬೆಂಚು ಕೊಡದೆ ಹಿಂದೆ ಕೂರಿಸಿದ ಜನರ ಮೊಮ್ಮಕ್ಕಳಲ್ಲಿ ಹತ್ತು ಜನ ಆ ಊರಲ್ಲಿ ಇದ್ದಿದ್ದರೆ ಅಂತ ಅನ್ನಿಸದೇ ಇರಲ್ಲ.

ತಲೆ ಎಣಿಸಬಾರದು ಅಂದೆನಲ್ಲ, ಹಾಗಾದರೆ ಹತ್ತು ಆಯಿತು ಅಂತ ಹೇಗೆ ಗೊತ್ತಾಗುತ್ತೆ? ಅದಕ್ಕೆ ಬೈಬಲಿನ 28ನೇ ಕೀರ್ತನೆಯ ಕೊನೆಯ ಸಾಲು ಇದೆ. 'ನಿನ್ನ ಜನರನ್ನು ಕಾಪಾಡು' ಅಂತ ಶುರುವಾಗಿ, ಎಂದೆಂದಿಗೂ ಅವರನ್ನು ಹೊತ್ತು ನಡೆಸು ಅಂತ ಬೇಡುವ ಸಾಲು. ಹೀಬ್ರೂವಿನಲ್ಲಿ ಸರಿಯಾಗಿ ಹತ್ತು ಪದ. ಒಬ್ಬೊಬ್ಬರ ಕಡೆ ನೋಡಿ ಒಂದೊಂದು ಪದ ಹೇಳಿಕೊಂಡು ಹೋಗುತ್ತಾರೆ. ಪದಗಳ ಸಾಲು ಕನ್ನಡದ ಹಾಗಲ್ಲ. ಹತ್ತನೇ ಪದ 'ಹಾಓಲಾಮ್', ಎಂದೆಂದು. ಒಂಬತ್ತನೆಯದು 'ಅದ್', ತನಕ. ಒಬ್ಬರು ಕಡಿಮೆ ಬಿದ್ದ ದಿನ ಎಣಿಸುವವರು 'ತನಕ' ಅನ್ನುವಲ್ಲಿಗೆ ನಿಲ್ಲಿಸಿ, ಬಾಗಿಲ ಕಡೆ ನೋಡುತ್ತಾರೆ.