ಆರ್ಟಿಚೋಕ್ ಗಿಡದ ತುಂಬ ಎಲೆ, ಮೊಗ್ಗು ಮಾತ್ರ ಇಲ್ಲ. ಯಾಕೆ?

ಪ್ರಶ್ನೆ: ಬೀಜ ಹಾಕಿ ಆರ್ಟಿಚೋಕ್ ಬೆಳೆಸಿದ್ದೇನೆ. ಎಂಟು ತಿಂಗಳಾಯಿತು. ಎಲೆ ಸೊಂಟದೆತ್ತರ ಬಂದಿದೆ, ಒಂದು ಮೊಗ್ಗೂ ಇಲ್ಲ. ಯಾವ ಗೊಬ್ಬರ ಹಾಕಲಿ?

ಯಾವುದೂ ಬೇಡ. ಹಾಕುತ್ತಿದ್ದರೆ ಮೊದಲು ನಿಲ್ಲಿಸಿ. ಈ ಪ್ರಶ್ನೆ ಇಲ್ಲಿ ಕ್ಯಾಲಿಫೋರ್ನಿಯಾದ ಕನ್ನಡದವರೂ ಕೇಳುತ್ತಾರೆ, ಬೆಂಗಳೂರಿನ ತಾರಸಿ ತೋಟದವರೂ ಕೇಳುತ್ತಾರೆ, ಕೇಳುವ ಹೊತ್ತಿಗೆ ಎರಡು ಸಲ ಸಗಣಿ ಗೊಬ್ಬರ, ಒಂದು ಸಲ ಬೇವಿನ ಹಿಂಡಿ ಕೊಟ್ಟಾಗಿರುತ್ತದೆ. ಗಿಡಕ್ಕೆ ಹಸಿವಾಗಿಲ್ಲ. ಚಳಿ ಸಾಲದಾಗಿದೆ. ಸಾರಜನಕ ಜಾಸ್ತಿ ಕೊಟ್ಟಷ್ಟೂ ಎಲೆಯೇ ಜಾಸ್ತಿ ಬರುತ್ತದೆ.

ಇದು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಗಿಡ. ನಮ್ಮ ಕುಸುಬೆಯ ಕುಟುಂಬದ್ದೇ, ಆ ಮುಳ್ಳು ನೋಡಿದರೆ ಗೊತ್ತಾಗುತ್ತೆ. ನಾವು ತಿನ್ನುವುದು ಅರಳದ ಹೂವಿನ ಮೊಗ್ಗು. ಮೊದಲು ಎಲೆ ಬೆಳೆಸಿಕೊಂಡು, ಒಂದು ಚಳಿಗಾಲ ದಾಟಿದೆ ಅಂತ ಖಾತ್ರಿಯಾದ ಮೇಲೆ ಹೂವಿಗೆ ಕೈ ಹಾಕುವುದು ಇದರ ಸ್ವಭಾವ. ಖಾತ್ರಿ ಅಂದರೆ, ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪು ಒಂದಷ್ಟು ದಿನ ಸಿಗಬೇಕು. ಇಂಪೀರಿಯಲ್ ಸ್ಟಾರ್ ಅನ್ನುವ ತಳಿಗೆ ಹತ್ತು ಹನ್ನೆರಡು ದಿನದಷ್ಟು ಸಾಕಾಗುತ್ತದೆ, ಬೀಜದಿಂದ ಮೊದಲ ವರ್ಷವೇ ಮೊಗ್ಗು ಬರಲಿ ಅಂತಲೇ ಮಾಡಿದ ತಳಿ ಅದು. ಹಳೆಯ ಗ್ರೀನ್ ಗ್ಲೋಬ್‌ಗೆ ಇನ್ನೂ ತುಂಬಾ ಬೇಕು. ಬೀಜದ ಪೊಟ್ಟಣದ ಮೇಲೆ ಯಾವ ಹೆಸರಿದೆ, ಒಮ್ಮೆ ನೋಡಿ.

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆ ಇರುವವರಿಗೆ ಚಿಂತೆ ಇಲ್ಲ. ನೀವು ಮೇ ತಿಂಗಳಲ್ಲಿ ನೆಟ್ಟಿರುತ್ತೀರಿ, ಅದೇ ತಪ್ಪು. ಅಕ್ಟೋಬರ್‌ನಲ್ಲಿ ನೆಟ್ಟರೆ ಚಳಿ ತಾನಾಗೇ ಸಿಗುತ್ತದೆ, ವಸಂತದಲ್ಲಿ ಮೊಗ್ಗು ಕೊಡುತ್ತದೆ. ಈಗಿರುವ ಗಿಡ ಒಂದು ಚಳಿಗಾಲ ದಾಟಿದ ಮೇಲೆ ಕೊಡುತ್ತೆ, ಕಾಯಿರಿ. ಆದರೆ ಜುಲೈ ಬಿಸಿಲಿಗೆ ಎಲೆಯೆಲ್ಲ ಕಂದಿ ನೆಲಕ್ಕೊರಗಿದಾಗ ಕಿತ್ತು ಬಿಸಾಕಬೇಡಿ. ನಾನು ಬಿಸಾಕಲು ಹೋಗಿದ್ದೆ. ಸತ್ತಿದೆ ಅಂದುಕೊಂಡು ಗುದ್ದಲಿ ಹಾಕಿ ಎಬ್ಬಿಸಿದರೆ ಬುಡದಲ್ಲಿ ಬಾಳೆಗೆ ಬರುವ ಹಾಗೆ ಮೂರು ಕಂದು, ಬೆಳ್ಳಗೆ, ಹೆಬ್ಬೆರಳು ಗಾತ್ರ. ಗಿಡ ಬಿಸಿಲಿಗೆ ಸುಮ್ನೆ ಮಲಗಿತ್ತು, ಅಷ್ಟೇ. ಆ ಕಂದುಗಳನ್ನು ಬೇರು ಸಮೇತ ಬಿಡಿಸಿ ಬೇರೆ ಕಡೆ ನೆಟ್ಟೆ. ಎರಡು ಬದುಕಿದವು, ಒಂದನ್ನು ಗೋಫರ್ ತಿಂದಿತು (ನಮ್ಮ ಹೆಗ್ಗಣದ ದಾಯಾದಿ ಅಂದುಕೊಳ್ಳಿ, ಬೇರು ಅಂದರೆ ಪ್ರಾಣ). ಅದಕ್ಕೇ ಈಗ ಗುಂಡಿಯೊಳಗೆ ತಂತಿ ಬಲೆ ಹಾಕಿ ನೆಡುತ್ತೇನೆ. ಗಿಡದಿಂದ ಗಿಡಕ್ಕೆ ನಾಲ್ಕಡಿ ಬಿಡಿ, ಕಡಿಮೆ ಬೇಡ.

ಬೆಂಗಳೂರಿನವರಿಗೆ ಮಾತ್ರ ಕಷ್ಟ. ಡಿಸೆಂಬರ್, ಜನವರಿಯಲ್ಲೂ ಅಲ್ಲಿ ರಾತ್ರಿಯ ತಂಪು ಸಾಮಾನ್ಯವಾಗಿ 15-16 ಡಿಗ್ರಿಯ ಆಸುಪಾಸು. ನಮಗೆ ಸ್ವೆಟರ್ ಬೇಕಾಗುತ್ತೆ, ಈ ಗಿಡಕ್ಕೆ ಅದು ಚಳಿಯೇ ಅಲ್ಲ. ಹಾಗಾಗಿ ಚಳಿಯನ್ನು ನಾವೇ ಕೊಡಬೇಕು. ಇಂಪೀರಿಯಲ್ ಸ್ಟಾರ್ ಬೀಜವನ್ನು ಒಂದು ರಾತ್ರಿ ನೆನೆಸಿ, ಒದ್ದೆ ಮರಳಲ್ಲಿ ಬೆರೆಸಿ ಡಬ್ಬಿಗೆ ಹಾಕಿ ಫ್ರಿಜ್ಜಿನ ತರಕಾರಿ ಡ್ರಾಯರ್‌ನಲ್ಲಿ ಎರಡರಿಂದ ನಾಲ್ಕು ವಾರ ಇಡಿ, ಫ್ರೀಜರ್‌ನಲ್ಲಿ ಅಲ್ಲ. ಡಬ್ಬಿಯ ಮೇಲೆ ಹೆಸರು ಬರೆಯಿರಿ, ಇಲ್ಲದಿದ್ದರೆ ಮನೆಯಲ್ಲಿ ಯಾರಾದರೂ ಎಸೆದುಬಿಡ್ತಾರೆ. ಆಗಸ್ಟ್ ಕೊನೆಗೆ ಬಿತ್ತಿದರೆ ಇದ್ದಬದ್ದ ತಂಪಿನ ದಿನಗಳೂ ಅದಕ್ಕೆ ಸಿಗುತ್ತವೆ. ಪೇಂಟ್ ಬಕೆಟ್ ಸಾಲದು, ಅರ್ಧ ಕತ್ತರಿಸಿದ ಡ್ರಮ್ ಬೇಕು, ತಳದಲ್ಲಿ ತೂತು ಚೆನ್ನಾಗಿರಬೇಕು, ನೀರು ನಿಂತರೆ ಬುಡ ಕೊಳೆಯುತ್ತೆ. ಇಷ್ಟೆಲ್ಲ ಮಾಡಿದರೂ ಕೆಲವು ಗಿಡ ಮೊಗ್ಗು ಬಿಡುವುದಿಲ್ಲ. ಕ್ಯಾಲಿಫೋರ್ನಿಯಾದ ಮರುಭೂಮಿ ಕಡೆಯ ರೈತರು ಚಳಿ ಸಾಲದ್ದಕ್ಕೆ ಜಿಬರೆಲಿಕ್ ಆಸಿಡ್ (ಗಿಡದ ಬೆಳವಣಿಗೆಯ ಹಾರ್ಮೋನು) ಸಿಂಪಡಿಸುತ್ತಾರೆ, ಆದರೆ ತಾರಸಿಯ ಎರಡು ಗಿಡಕ್ಕೆ ಅದೆಲ್ಲ ಯಾಕೆ ಅಲ್ವಾ?

ಮೊಗ್ಗು ಬಂದರೆ ತಡ ಮಾಡಬೇಡಿ. ಹೊರಗಿನ ಎಸಳು ಬಿಗಿಯಾಗಿರುವಾಗಲೇ ಎರಡು ಮೂರು ಇಂಚು ತೊಟ್ಟು ಬಿಟ್ಟು ಕತ್ತರಿಸಿ. ನಡುವಿನದ್ದು ದೊಡ್ಡದು, ಆಮೇಲೆ ಪಕ್ಕದ ಕವಲಲ್ಲಿ ಚಿಕ್ಕವು ಬರುತ್ತವೆ. ಎಸಳಿನ ಸಂದಿಯಲ್ಲಿ ಗಿಡದ ಹೇನು ಕೂತಿರುತ್ತೆ, ಉಪ್ಪುನೀರಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಡಿ. ಬೇಯಿಸಿದ ಮೇಲೆ ಬಾಳೆ ಹೂವಿನ ಹಾಗೆ ಒಂದೊಂದೇ ಎಸಳು ಬಿಡಿಸಿ, ನುಗ್ಗೆಕಾಯಿಯ ಹಾಗೆ ಬುಡದ ತಿರುಳನ್ನು ಹಲ್ಲಲ್ಲಿ ಎಳೆದು ತಿನ್ನುವುದು. ಒಳಗೆ ಜೋಳದ ಸುಂಕಿನಂಥ ಕೂದಲಿರುತ್ತೆ, ಅದನ್ನು ಚಮಚದಲ್ಲಿ ಕೆರೆದು ಬಿಸಾಕಿ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಅದರ ಕೆಳಗಿನ ಮೆತ್ತನೆ ಬಟ್ಟಲೇ ಅಸಲು ರುಚಿ. ತಿಂದ ಮೇಲೆ ನೀರು ಕುಡಿದು ನೋಡಿ, ನೆಲ್ಲಿಕಾಯಿ ತಿಂದ ಹಾಗೆ ಸಿಹಿ ಅನ್ನಿಸುತ್ತೆ.

ಈಗಿರುವ ನಿಮ್ಮ ಗಿಡಕ್ಕೆ ನೀರು ಮಾತ್ರ ಕೊಡಿ. ಚಳಿಗಾಲ ಮುಗಿದ ಮೇಲೆ ವಾರಕ್ಕೊಮ್ಮೆ ನಡುವಿನ ಎಳೆ ಎಲೆಗಳನ್ನು ಮೆಲ್ಲಗೆ ಸರಿಸಿ, ಬೆರಳು ಇಳಿಸಿ ಮುಟ್ಟಿ ನೋಡಿ. ಗೋಲಿಯಷ್ಟು ಗಟ್ಟಿಯಾದದ್ದು ತಾಗಿದರೆ ಅದೇ ಮೊಗ್ಗು.