ಗೋಧಿ ಹುಲ್ಲಿನ ರಸದಿಂದ ಮೈಯಲ್ಲಿ ತುಂಬಿದ ಕಬ್ಬಿಣ ಇಳಿಯುತ್ತದೆಯೇ?

ಪ್ರಶ್ನೆ: ನಮ್ಮ ಮಗಳಿಗೆ ಥಲಸ್ಸೇಮಿಯಾ ಮೇಜರ್ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಅನುವಂಶೀಯ ರಕ್ತರೋಗ) ಇದೆ. ಪ್ರತಿ ತಿಂಗಳೂ ರಕ್ತ ಹಾಕಿಸುತ್ತೇವೆ, ಮೈಯಲ್ಲಿ ಕಬ್ಬಿಣ ಎಷ್ಟು ತುಂಬಿದೆಯೆಂದು ತೋರಿಸುವ ಫೆರಿಟಿನ್ ಏರುತ್ತಲೇ ಇದೆ. ಸಸ್ಯಸಾರಗಳು ಕಬ್ಬಿಣವನ್ನು ಹಿಡಿದು ಹೊರಹಾಕುವುದು ಪ್ರಯೋಗಾಲಯದಲ್ಲಿ ಸಾಬೀತಾಗಿದೆಯಂತೆ. ಕಬ್ಬಿಣ ಇಳಿಸುವ ಮಾತ್ರೆ ನಿಲ್ಲಿಸಿ ಗೋಧಿ ಹುಲ್ಲಿನ ರಸ ಕೊಡಬಹುದೇ? – ಡೊಂಬಿವಲಿಯ ಓದುಗರೊಬ್ಬರು

ಮಾತ್ರೆಯನ್ನು ನಿಲ್ಲಿಸಬೇಡಿ. ಮುಂಬೈ, ಪುಣೆಗಳಿಂದ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದ್ದು, ಪ್ರತಿ ಸಲವೂ ಇದೇ ಉತ್ತರವನ್ನು ಬರೆದಿದ್ದೇನೆ; ಈ ಸಲ ಆ ‘ಸಾಬೀತು’ ಎಂಬುದನ್ನೇ ಬಿಡಿಸಿ ಹೇಳುತ್ತೇನೆ.

ಫೆರಸ್ ಕಬ್ಬಿಣದ ದ್ರಾವಣಕ್ಕೆ ಫೆರೋಜಿನ್ ಎಂಬ ರಾಸಾಯನಿಕವನ್ನು ಸೇರಿಸಿದರೆ ಪ್ರನಾಳದಲ್ಲಿ ಗಾಢ ನೇರಳೆ ಬಣ್ಣ ಮೂಡುತ್ತದೆ. ಸಸ್ಯಸಾರವನ್ನು ಮೊದಲೇ ಬೆರೆಸಿದ್ದಾಗ ಬಣ್ಣ ತೆಳುವಾದರೆ, ಅಷ್ಟು ಕಬ್ಬಿಣವನ್ನು ಸಾರ ಹಿಡಿದುಕೊಂಡಿದೆ ಎಂದರ್ಥ. ಪರೀಕ್ಷೆ ಸರಿಯಾದದ್ದೇ, ಆದರೆ ಅದು ಮೊದಲ ಮೆಟ್ಟಿಲು ಮಾತ್ರ. ಪಾಲಿಫಿನಾಲ್‌ ಎಂಬ ಸಸ್ಯರಾಸಾಯನಿಕಗಳಿರುವ ಅನೇಕ ಸಸ್ಯಗಳು ಅದನ್ನು ಸುಲಭವಾಗಿ ಹತ್ತುತ್ತವೆ. ಕುಡಿದ ಪಾಲಿಫಿನಾಲ್‌ಗಳಲ್ಲಿ ಸ್ವಲ್ಪವೇ ಕರುಳಿನಿಂದ ರಕ್ತಕ್ಕೆ ಸೇರುತ್ತದೆ, ಅದನ್ನೂ ಯಕೃತ್ತು ಬೇಗನೆ ಮಾರ್ಪಡಿಸುತ್ತದೆ. ಔಷಧ ಎನ್ನಿಸಿಕೊಳ್ಳಬೇಕಾದ ವಸ್ತುವಾದರೋ ಯಕೃತ್ತು ಮತ್ತು ಹೃದಯದ ಕೋಶಗಳಲ್ಲಿ ಕುಳಿತ ಕಬ್ಬಿಣವನ್ನು ಹಿಡಿದು, ದಾರಿಯಲ್ಲಿ ಬೇರೆಲ್ಲೂ ಬಿಡದೆ, ಮೂತ್ರ ಅಥವಾ ಮಲದ ಮೂಲಕ ಹೊರಗೆ ಸಾಗಿಸಬೇಕು. ಅದಕ್ಕಾಗಿಯೇ ಪ್ರನಾಳದ ನಂತರ ಕಬ್ಬಿಣ ತುಂಬಿಸಿದ ಇಲಿಗಳು, ಆಮೇಲೆ ಮನುಷ್ಯರಲ್ಲಿ ಸುರಕ್ಷತೆ, ಕೊನೆಗೆ ಈಗಿರುವ ಮಾತ್ರೆಗಳೊಡನೆ ಹೋಲಿಕೆ ಎಂಬ ಕ್ರಮವಿದೆ. ಮಿಲ್ಕ್ ಥಿಸಲ್ ಎಂಬ ಗಿಡದ ಸಾರವಾದ ಸಿಲಿಮರಿನ್ ಮನುಷ್ಯರ ತನಕ ಬಂದಿದೆ, ಆದರೆ ಅದನ್ನು ಪರೀಕ್ಷಿಸಿದ್ದು ಕಬ್ಬಿಣ ಇಳಿಸುವ ಔಷಧದ ಜೊತೆಗೆ. ಗೋಧಿ ಹುಲ್ಲಿನ ಬಗ್ಗೆ 2004ರಲ್ಲಿ ಪ್ರಕಟವಾದ ಚಂಡೀಗಢದ ಪ್ರಾಥಮಿಕ ಅಧ್ಯಯನ ಕೇಳಿದ್ದು ರಕ್ತಪೂರಣದ ಅಗತ್ಯ ತಗ್ಗುತ್ತದೆಯೇ ಎಂದು. ಮಾತ್ರೆಗೆ ರಸ ಬದಲಿಯಾದೀತೇ ಎಂದಲ್ಲ.

ಒಂದು ಯೂನಿಟ್ ರಕ್ತದೊಡನೆ ಸುಮಾರು 200ರಿಂದ 250 ಮಿಲಿಗ್ರಾಂ ಕಬ್ಬಿಣ ಒಳಬರುತ್ತದೆ, ದೇಹ ದಿನಕ್ಕೆ ಕಳೆದುಕೊಳ್ಳುವುದು 1ರಿಂದ 2 ಮಿಲಿಗ್ರಾಂ. ಊಟದೊಡನೆ ಚಹಾ ಕುಡಿದರೆ ಆಹಾರದ ಕಬ್ಬಿಣ ಕಡಿಮೆ ಹೀರಲ್ಪಡುತ್ತದೆ, ನಿಜ. ರಕ್ತನಾಳದ ಮೂಲಕ ಬಂದ ಕಬ್ಬಿಣಕ್ಕೆ ಅದು ಹಿತ್ತಿಲಿನಿಂದ ನುಗ್ಗಿದವನಿಗೆ ಮುಂಬಾಗಿಲಲ್ಲಿ ಕಾವಲು ಹಾಕಿದಂತೆ. ‘ರಸ ನೈಸರ್ಗಿಕ, ಮಾತ್ರೆ ರಾಸಾಯನಿಕ’ ಎನ್ನುವವರು ಇದನ್ನೂ ತಿಳಿಯಬೇಕು: ಕಬ್ಬಿಣ ಇಳಿಸಲು ಚುಚ್ಚುಮದ್ದಾಗಿ ಕೊಡುವ ಡೆಸ್ಫೆರಿಯಾಕ್ಸಮಿನ್ ದೊರೆತದ್ದು ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದಿಂದ. ಅದನ್ನು ಶುದ್ಧೀಕರಿಸಿ, ಪ್ರಮಾಣ ಗೊತ್ತುಮಾಡಿ, ರೋಗಿಗಳಲ್ಲಿ ಪರೀಕ್ಷಿಸಿದ್ದರಿಂದಲೇ ಅದು ಔಷಧವಾಯಿತು. ವೈದ್ಯರನ್ನು ಕೇಳದೆ ನೆಲ್ಲಿಕಾಯಿ ರಸವನ್ನು ದಿನಾಲೂ ಕೊಡುವುದೂ ಬೇಡ: ಸಿ ಜೀವಸತ್ವ ಕರುಳಿನಲ್ಲಿ ಕಬ್ಬಿಣದ ಹೀರಿಕೆಯನ್ನು ಹೆಚ್ಚಿಸುತ್ತದೆ, ಮಿತಿಮೀರಿದರೆ ಕಬ್ಬಿಣ ತುಂಬಿದ ಹೃದಯಕ್ಕೂ ಅಪಾಯ.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಥಲಸ್ಸೇಮಿಯಾ ಮೈನರ್ (ಈ ರೋಗದ ಜೀನನ್ನು ಹೊತ್ತ ಸೌಮ್ಯ ಸ್ಥಿತಿ) ಇರುವ ಎಷ್ಟೋ ಮಂದಿ ಹಿಮೋಗ್ಲೋಬಿನ್ ತುಸು ಕಡಿಮೆಯೆಂದು ವರ್ಷಗಟ್ಟಲೆ ಕಬ್ಬಿಣದ ಟಾನಿಕ್ ಕುಡಿಯುತ್ತಾರೆ. ಅವರಲ್ಲಿ ಕೆಂಪು ರಕ್ತಕಣಗಳು ಚಿಕ್ಕದಾಗಿರುವುದು ಅನುವಂಶೀಯತೆಯಿಂದ, ಕಬ್ಬಿಣದ ಕೊರತೆಯಿಂದಲ್ಲ. ನಿಮ್ಮ ಮನೆಯಲ್ಲೂ ಬಂಧುಗಳಲ್ಲೂ ಯಾರಾದರೂ ಹೀಗೆ ಕುಡಿಯುತ್ತಿದ್ದರೆ, ಮುಂದಿನ ಬಾಟಲಿ ಕೊಳ್ಳುವ ಮೊದಲು ಫೆರಿಟಿನ್ ಮತ್ತು ಎಚ್‌ಬಿ ಎ2 (ಹಿಮೋಗ್ಲೋಬಿನ್ನಿನ ಒಂದು ಬಗೆ) ಪರೀಕ್ಷೆ ಮಾಡಿಸಿ. ಎ2 ಪ್ರಮಾಣ ಶೇ. 3.5ಕ್ಕಿಂತ ಹೆಚ್ಚಿದ್ದರೆ ವರದಿಯನ್ನು ರಕ್ತರೋಗ ತಜ್ಞರಿಗೆ ತೋರಿಸಿ.