ಕ್ರೇಟ್ ಈಗ ಯಾರ ಲೆಕ್ಕದಲ್ಲಿದೆ: ಕರ್ನಲ್ ಮೆಮೊರಿ ಬಗ್ ಹುಡುಕುವ ಟಿಪ್ಪಣಿ

ಕೋಲಾರದಲ್ಲಿ ನಾವು ನಾಲ್ಕು ಜನ ಭಾನುವಾರ ಬೆಳಿಗ್ಗೆ ಸೇರಿ ಎಕ್ಸ್‌ವಿ6 ಓದುತ್ತಿದ್ದೇವೆ. ಇದು ಎಂಐಟಿಯವರು ಪಾಠಕ್ಕೆಂದೇ ಬರೆದ ಪುಟ್ಟ ಆಪರೇಟಿಂಗ್ ಸಿಸ್ಟಮ್. ಮೆಮೊರಿ ಭಾಗ ಬಂದಾಗ ಮೂರು ವಾರ ಅಲ್ಲೇ ನಿಂತೆವು. ಆ ಮೂರು ವಾರದಲ್ಲಿ ಅರ್ಥವಾದದ್ದನ್ನು ಇದೇ ದಾರಿಯಲ್ಲಿ ಬರುವವರಿಗಾಗಿ ಬರೆದಿಡುತ್ತಿದ್ದೇನೆ. ಸಿ ಭಾಷೆ ಸ್ವಲ್ಪ ಬಂದು, ಪಾಯಿಂಟರ್ ಅಂದರೇನು ಅಂತ ಗೊತ್ತಿದ್ದರೆ ಸಾಕು.

ಮೊದಲು ಒಂದು ಮಾತು. ನಾವು ಬರೆಯುವ ಮಾಮೂಲಿ ಪ್ರೋಗ್ರಾಂ ಮೆಮೊರಿ ಹಾಳು ಮಾಡಿಕೊಂಡು ಸತ್ತರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಬಂದು ಅದರ ಪೇಜ್‌ಗಳನ್ನೆಲ್ಲ (ಮೆಮೊರಿ ಹಂಚಲು ಮಾಡಿಕೊಂಡ ಒಂದೇ ಅಳತೆಯ ತುಂಡುಗಳು) ವಾಪಸ್ ತೆಗೆದುಕೊಳ್ಳುತ್ತದೆ. ಬೇರೆ ಪ್ರೋಗ್ರಾಂಗಳಿಗೆ ಏನೂ ಆಗುವುದಿಲ್ಲ. ಕರ್ನಲ್ಲೇ ತಪ್ಪು ಮಾಡಿದರೆ ಅದನ್ನು ನೋಡಿಕೊಳ್ಳುವವರು ಯಾರೂ ಇಲ್ಲ. ಅಲ್ಲಿ ಕಳೆದುಹೋದ ಒಂದು ಪೇಜ್ ರೀಬೂಟ್ ಆಗುವವರೆಗೂ ಸಿಗುವುದಿಲ್ಲ. ಅಲ್ಲಿ ತಪ್ಪಾಗಿ ಬರೆದ ಒಂದು ಬೈಟ್ ಯಾರದ್ದೋ ಫೈಲ್ ಒಳಗೂ ಹೋಗಿ ಕೂರಬಹುದು.

ನಮ್ಮ ಮನೆಯಲ್ಲಿ ಟೊಮೆಟೊ ಬೆಳೆಯುತ್ತೇವೆ. ಕೊಯ್ಲಿಗೆ ಮುಂಚೆ ಮಂಡಿಯಿಂದ ಖಾಲಿ ಕ್ರೇಟ್ ತರಬೇಕು. ಯಾರಿಗೆ ಎಷ್ಟು ಕೊಟ್ಟರು ಅಂತ ಮಂಡಿಯಲ್ಲಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಕ್ರೇಟ್ ವಾಪಸ್ ಬಂದಾಗ ಆ ಸಾಲು ಹೊಡೆದು ಹಾಕುತ್ತಾರೆ. ಒಂದು ಸಲ ನಾವು ವಾಪಸ್ ಕೊಟ್ಟ ಇಪ್ಪತ್ತು ಕ್ರೇಟ್‌ಗಳನ್ನು ಎರಡು ಸಲ ಬಂದಂತೆ ಬರೆದುಬಿಟ್ಟಿದ್ದರು. ಪುಸ್ತಕದಲ್ಲಿ ನಲವತ್ತು, ನೆಲದ ಮೇಲೆ ಇಪ್ಪತ್ತು. ಪುಸ್ತಕ ನಂಬಿ ಇಬ್ಬರು ರೈತರಿಗೆ ಅದೇ ಇಪ್ಪತ್ತನ್ನು ಕೊಡುತ್ತೇವೆ ಅಂದರು. ಮಾರನೇ ದಿನ ಜಗಳ ಆದದ್ದು ಆ ಇಬ್ಬರಿಗೆ. ತಪ್ಪು ಇದ್ದದ್ದು ನಮ್ಮ ಸಾಲಿನಲ್ಲಿ. “ಜಗಳ ಆಡೋರನ್ನ ಬಿಡಿ, ಕೊನೇ ಸಲ ವಾಪಸ್ ಬಂದಿದ್ದು ಯಾರದ್ದು ಅಂತ ನೋಡಿ” ಅಂತ ನಮ್ಮಣ್ಣ ಹಿಂದಿನ ಪುಟ ತೆಗೆಸಿದ. ಅಲ್ಲೇ ಸಿಕ್ಕಿತು.

ಕರ್ನಲ್ ಬಗ್ ಹುಡುಕುವಾಗ ನನಗೆ ಈಗಲೂ ಈ ಮಾತೇ ನೆನಪಿಗೆ ಬರುತ್ತದೆ. ಸತ್ತ ಜಾಗ ಒಂದು, ತಪ್ಪಿನ ಜಾಗ ಇನ್ನೊಂದು. ಈ ಮೆಮೊರಿ ತುಂಡು ಈ ಕ್ಷಣದಲ್ಲಿ ಯಾರ ಹೆಸರಲ್ಲಿದೆ ಅಂತ ಪ್ರತಿ ಸಾಲಿನಲ್ಲೂ ಕೇಳಿಕೊಳ್ಳಬೇಕು.

ಬಗ್‌ಗಳ ಹೆಸರನ್ನೂ ಕ್ರೇಟ್ ಲೆಕ್ಕದಲ್ಲೇ ಹೇಳುತ್ತೇನೆ. ತಂದ ಕ್ರೇಟ್ ವಾಪಸ್ ಕೊಡದೆ ಹೊಲದಲ್ಲೇ ಮರೆತುಬಿಟ್ಟರೆ ಅದು ಲೀಕ್. ವಾಪಸ್ ಕೊಟ್ಟ ಮೇಲೂ ನಮ್ಮದೇ ಅಂದುಕೊಂಡು ಅದಕ್ಕೆ ಹಣ್ಣು ಸುರಿದರೆ ಯೂಸ್ ಆಫ್ಟರ್ ಫ್ರೀ. ಅಷ್ಟರಲ್ಲಿ ಅದರಲ್ಲಿ ಬೇರೆಯವರ ಹಣ್ಣು ಇರಬಹುದು. ಒಂದನ್ನೇ ಎರಡು ಸಲ ವಾಪಸ್ ಬಂದಂತೆ ಬರೆದರೆ ಡಬಲ್ ಫ್ರೀ. ಅಂಚು ಮೀರಿ ತುಂಬಿ ಪಕ್ಕದ ಕ್ರೇಟ್ ಒಳಗೆ ಬಿದ್ದರೆ ಓವರ್‌ಫ್ಲೋ. ಬೇರೆ ಬಗೆಗಳೂ ಇವೆ. ಆದರೆ ಈ ನಾಲ್ಕು ಗೊತ್ತಾದರೆ ಉಳಿದವು ಸುಲಭ.

ಈಗ ಡಬಲ್ ಫ್ರೀ ಒಂದನ್ನು ಹತ್ತಿರದಿಂದ ನೋಡೋಣ. ಎಕ್ಸ್‌ವಿ6ನ ರಿಸ್ಕ್‌-ಫೈವ್ (ಒಂದು ಬಗೆಯ ಪ್ರೊಸೆಸರ್) ಆವೃತ್ತಿಯಲ್ಲಿ ಮೆಮೊರಿ 128 ಎಂಬಿ, ಪೇಜ್ ಒಂದಕ್ಕೆ 4096 ಬೈಟ್. ಅಂದರೆ ಒಟ್ಟು 32,768 ಪೇಜ್. ಶುರುವಿನ ಒಂದಿಷ್ಟು ಕರ್ನಲ್‌ಗೇ ಬೇಕು, ಮಿಕ್ಕಿದ್ದೆಲ್ಲ ಖಾಲಿ ಪೇಜ್‌ಗಳ ಲಿಸ್ಟ್‌ನಲ್ಲಿ ಇರುತ್ತವೆ. ಆ ಲಿಸ್ಟ್‌ಗೆ ಬೇರೆ ಪುಸ್ತಕ ಇಲ್ಲ. ಪ್ರತಿ ಖಾಲಿ ಪೇಜ್‌ನ ಮೊದಲ 8 ಬೈಟ್‌ನಲ್ಲೇ ಮುಂದಿನ ಖಾಲಿ ಪೇಜ್‌ನ ವಿಳಾಸ ಬರೆದಿರುತ್ತದೆ. ಖಾಲಿ ಕ್ರೇಟ್ ಒಳಗೇ ಚೀಟಿ ಇಟ್ಟ ಹಾಗೆ.

ಪೇಜ್ ಕೊಡುವ ಫಂಕ್ಷನ್ ಕೆಅಲಾಕ್, ವಾಪಸ್ ಪಡೆಯುವುದು ಕೆಫ್ರೀ. ಕೆಫ್ರೀ ಮೊದಲು ಪೇಜ್ ಪೂರ್ತಿ 1 ತುಂಬುತ್ತದೆ. ಆಮೇಲೆ ಅದರ ಚೀಟಿಯಲ್ಲಿ ಲಿಸ್ಟ್‌ನ ಈಗಿನ ತಲೆಯ ವಿಳಾಸ ಬರೆದು, ಈ ಪೇಜನ್ನೇ ಹೊಸ ತಲೆ ಮಾಡುತ್ತದೆ. ಕೆಅಲಾಕ್ ತಲೆಯನ್ನು ಎತ್ತಿಕೊಂಡು, ಚೀಟಿಯಲ್ಲಿದ್ದದ್ದನ್ನು ಹೊಸ ತಲೆ ಮಾಡಿ, ಪೇಜ್ ಪೂರ್ತಿ 5 ತುಂಬಿ ಕೊಡುತ್ತದೆ.

ಈಗ ಒಂದೇ ಪೇಜನ್ನು ಬೆನ್ನುಬೆನ್ನಿಗೆ ಎರಡು ಸಲ ಕೆಫ್ರೀ ಮಾಡಿ ನೋಡಿ. ಮೊದಲ ಸಲ ಎಲ್ಲ ಸರಿ, ಪೇಜ್ ತಲೆ ಆಯಿತು. ಎರಡನೇ ಸಲ ಚೀಟಿಯಲ್ಲಿ ತಲೆಯ ವಿಳಾಸ ಬರೆಯಬೇಕು. ತಲೆ ಅಂದರೆ ಅದೇ ಪೇಜ್. ಹಾಗಾಗಿ ಪೇಜ್ ತನ್ನ ವಿಳಾಸವನ್ನೇ ಬರೆದುಕೊಳ್ಳುತ್ತದೆ. ಉಳಿದ ಸಾವಿರಾರು ಪೇಜ್‌ಗಳ ಕೊಂಡಿ ಅಲ್ಲಿಗೆ ಕಡಿಯಿತು. ಇನ್ನೂ ಏನೂ ಸತ್ತಿಲ್ಲ ನೋಡಿ.

ಮುಂದೆ ಯಾರೋ ಒಬ್ಬರು ಕೆಅಲಾಕ್ ಕರೆಯುತ್ತಾರೆ. ಅದೇ ಪೇಜ್ ಸಿಗುತ್ತದೆ. ತಲೆಯಲ್ಲೂ ಅದೇ ಪೇಜ್ ಉಳಿಯುತ್ತದೆ. ಎರಡನೆಯವರು ಕರೆದಾಗಲೂ ಅದೇ ಪೇಜ್ ಹೋಗುತ್ತದೆ. ಈಗ ಒಂದೇ ಪೇಜ್‌ಗೆ ಇಬ್ಬರು ಮಾಲೀಕರು. ಈ ಎರಡನೇ ಕರೆಯಲ್ಲಿ ಕೆಅಲಾಕ್ ಚೀಟಿ ಅಂತ ಓದಿದ್ದು ಮೊದಲನೆಯವರು ಆ ಪೇಜ್‌ನಲ್ಲಿ ಬರೆದ ಡೇಟಾ. ಮೊದಲನೆಯವರು ಇನ್ನೂ ಏನೂ ಬರೆಯದಿದ್ದರೆ ಅಲ್ಲಿ ಬರೀ 05 05 05 ಇರುತ್ತದೆ. ಅದೇ ಹೊಸ ತಲೆ. ಮೂರನೆಯವರು ಕರೆದಾಗ ಆ ಸುಳ್ಳು ವಿಳಾಸ ಓದಲು ಹೋಗಿ ಕರ್ನಲ್ ಪ್ಯಾನಿಕ್ ಆಗುತ್ತದೆ, ಅಂದರೆ ಎಲ್ಲ ನಿಲ್ಲಿಸಿ ಕೈಚೆಲ್ಲುತ್ತದೆ. ಮೊದಲನೆಯವರು ಪೇಜ್‌ಗೆ ಸೊನ್ನೆ ತುಂಬಿದ್ದರೆ ಕಥೆ ಬೇರೆ. ಎಕ್ಸ್‌ವಿ6ನಲ್ಲಿ ಪ್ರೋಗ್ರಾಂಗೆ ಹೊಸ ಮೆಮೊರಿ ಕೊಡುವಾಗ ಸೊನ್ನೆ ತುಂಬಿಯೇ ಕೊಡುತ್ತಾರೆ. ಆಗ ತಲೆ ಸೊನ್ನೆ ಆಗುತ್ತದೆ, ಅಂದರೆ ಲಿಸ್ಟ್ ಖಾಲಿ. ಮೂರನೆಯವರಿಗೆ ಮೆಮೊರಿ ಮುಗಿದಿದೆ ಅನ್ನುವ ಉತ್ತರ. ಅಷ್ಟೊಂದು ಪೇಜ್ ಸುಮ್ನೆ ಬಿದ್ದಿರುತ್ತವೆ!

ಒಂದೇ ಬಗ್, ಎರಡು ಬೇರೆ ಬೇರೆ ಲಕ್ಷಣ. ಎರಡರಲ್ಲೂ ಸಿಕ್ಕಿಬಿದ್ದವರು ಏನೂ ತಪ್ಪು ಮಾಡದ ಮೂರನೆಯವರು. ಇದನ್ನು ಒಂದು ಸಲ ಪೆನ್ನು ಹಿಡಿದು ಕಾಗದದ ಮೇಲೆ ಚೌಕ, ಬಾಣ ಬರೆದು ನೋಡಿ. ನನಗೆ ಓದಿ ಅರ್ಥವಾಗದ್ದು ಬರೆದಾಗ ಅರ್ಥವಾಯಿತು.

ಆ 1 ಮತ್ತು 5 ತುಂಬುವುದು ಯಾಕೆ ಅಂತ ಈಗ ಗೊತ್ತಾಯಿತು ಅಲ್ವಾ? ವಾಪಸ್ ಕೊಟ್ಟ ಪೇಜನ್ನು ಯಾರಾದರೂ ಮತ್ತೆ ಮುಟ್ಟಿದರೆ ಹಳೆಯ ಸರಿಯಾದ ಡೇಟಾ ಸಿಗಬಾರದು, ಕಸ ಸಿಗಬೇಕು. ಬೇಗ ಸಾಯಲಿ, ಬೇಗ ಗೊತ್ತಾಗಲಿ ಅಂತ. ಲಿನಕ್ಸ್‌ನಲ್ಲೂ ಇದೇ ಉಪಾಯ ಇದೆ. ಅಲ್ಲಿ ಬಡ್ಡಿ ಅಲೋಕೇಟರ್ (ಇಂಗ್ಲಿಷ್‌ನ ಬಡ್ಡಿ ಅಂದರೆ ಜೊತೆಗಾರ, ಸಾಲದ ಬಡ್ಡಿ ಅಲ್ಲ) ಪೇಜ್‌ಗಳನ್ನು 1, 2, 4, 8 ಹೀಗೆ ದುಪ್ಪಟ್ಟು ಗುಂಪುಗಳಲ್ಲಿ ಹಂಚುತ್ತದೆ. ಅದರ ಮೇಲೆ ಕೂತ ಸ್ಲಬ್ ಆ ಪೇಜ್‌ಗಳನ್ನು ಚಿಕ್ಕ ತುಂಡು ಮಾಡಿ ಕೊಡುತ್ತದೆ. ಹಿಂದೆ ಸ್ಲ್ಯಾಬ್, ಸ್ಲಾಬ್, ಸ್ಲಬ್ ಅಂತ ಮೂರು ಇದ್ದವು. 2024ರಲ್ಲಿ ಬಂದ 6.8ನೇ ಆವೃತ್ತಿಯಿಂದ ಸ್ಲಬ್ ಒಂದೇ ಉಳಿದಿದೆ. ಸ್ಲಬ್ ಡೀಬಗ್ ಆನ್ ಮಾಡಿ ಬೂಟ್ ಮಾಡಿದರೆ ವಾಪಸ್ ಬಂದ ತುಂಡಿಗೆ 6ಬಿ (ಹೆಕ್ಸ್‌ನಲ್ಲಿ ಬರೆದ ಸಂಖ್ಯೆ) ತುಂಬುತ್ತದೆ. ಕ್ರ್ಯಾಶ್ ಆದಾಗ ರಿಜಿಸ್ಟರ್‌ನಲ್ಲಿ 6ಬಿ 6ಬಿ 6ಬಿ ಕಂಡರೆ ವಾಪಸ್ ಕೊಟ್ಟ ಮೆಮೊರಿಯಿಂದ ಓದಿದ್ದಾರೆ ಅಂತ ತಕ್ಷಣ ಅನುಮಾನಿಸಿ.

ಲಿನಕ್ಸ್ ಕೋಡ್‌ನಲ್ಲಿ ಕಲಿಯುವವರು ಜಾಸ್ತಿ ಎಡವುವ ಒಂದು ಜಾಗ ಹೇಳುತ್ತೇನೆ. ಒಂದು ಲಿಂಕ್ಡ್ ಲಿಸ್ಟ್ ಇದೆ, ಎಲ್ಲವನ್ನೂ ಫ್ರೀ ಮಾಡಬೇಕು. ಲಿಸ್ಟ್ ಮೇಲೆ ಮಾಮೂಲಿ ಲೂಪ್ ಹಾಕಿ ಒಂದೊಂದನ್ನೇ ಕೆಫ್ರೀ ಮಾಡುತ್ತೇವೆ. ನೋಡಲು ಸರಿಯಾಗೇ ಇದೆ. ಆದರೆ ಲೂಪ್ ಮುಂದಕ್ಕೆ ಹೋಗಲು ಈಗಿನ ತುಂಡಿನೊಳಗಿನ ನೆಕ್ಸ್ಟ್ ಪಾಯಿಂಟರ್ ಓದಬೇಕು. ಆ ತುಂಡನ್ನು ಈಗಷ್ಟೇ ವಾಪಸ್ ಕೊಟ್ಟಿದ್ದೇವೆ. ಡೀಬಗ್ ಆಫ್ ಇದ್ದರೆ ಹಳೆಯ ನೆಕ್ಸ್ಟ್ ಇನ್ನೂ ಅಲ್ಲೇ ಇರಬಹುದು, ಹಾಗಾಗಿ ನೂರು ಸಲ ಓಡುತ್ತದೆ. ನೂರೊಂದನೇ ಸಲ ಅಷ್ಟರಲ್ಲೇ ಬೇರೆ ಸಿಪಿಯು ಆ ತುಂಡು ತೆಗೆದುಕೊಂಡಿರುತ್ತದೆ. ಇದಕ್ಕೆ ಲಿನಕ್ಸ್‌ನಲ್ಲೇ ಸೇಫ್ ಅನ್ನುವ ಬಾಲ ಇರುವ ಲೂಪ್ ಇದೆ. ಅದು ನೆಕ್ಸ್ಟ್ ವಿಳಾಸವನ್ನು ಮೊದಲೇ ಪಕ್ಕಕ್ಕೆ ಎತ್ತಿಟ್ಟುಕೊಳ್ಳುತ್ತದೆ. ನಮ್ಮ ಕೈಯಿಂದಲೇ ಆಗುವ ಫ್ರೀಗೆ ಮಾತ್ರ ಅದು ಕಾಪಾಡುತ್ತದೆ. ಬೇರೆ ಸಿಪಿಯು ಅದೇ ಲಿಸ್ಟ್ ಮುಟ್ಟುತ್ತಿದ್ದರೆ, ಒಂದು ಸಲಕ್ಕೆ ಒಬ್ಬರನ್ನೇ ಒಳಗೆ ಬಿಡುವ ಲಾಕ್ ಬೇಕೇ ಬೇಕು. ಹೆಸರಲ್ಲಿ ಸೇಫ್ ಇದೆ ಅಂತ ಲಾಕ್ ಬಿಟ್ಟವರ ಕೋಡ್ ನೋಡಿದ್ದೇನೆ.

ಒಂದು ಪೇಜ್‌ಗೆ ನ್ಯಾಯವಾಗಿಯೇ ಇಬ್ಬರು ಮಾಲೀಕರು ಇರುವುದೂ ಉಂಟು. ಫೋರ್ಕ್ ಮಾಡಿದಾಗ, ಅಂದರೆ ಓಡುತ್ತಿರುವ ಪ್ರೋಗ್ರಾಂ ತನ್ನದೇ ಇನ್ನೊಂದು ಪ್ರತಿ ಹುಟ್ಟಿಸಿದಾಗ, ತಂದೆ, ಮಗು ಎರಡೂ ಪ್ರೊಸೆಸ್ ಒಂದೇ ಪೇಜ್ ಹಂಚಿಕೊಂಡು, ಬರೆಯಲು ಹೋದಾಗ ಮಾತ್ರ ಪ್ರತಿ ಮಾಡಿಕೊಳ್ಳುವ ಪದ್ಧತಿ. ಇದಕ್ಕೆ ಕಾಪಿ ಆನ್ ರೈಟ್ ಅನ್ನುತ್ತಾರೆ. ಆಗ ಪ್ರತಿ ಪೇಜ್‌ಗೂ ಎಷ್ಟು ಮಾಲೀಕರು ಅಂತ ಎಣಿಕೆ ಇಡಬೇಕು. ನಮ್ಮ ಗುಂಪಿನಲ್ಲಿ ಇದನ್ನು ಎಕ್ಸ್‌ವಿ6ಗೆ ಸೇರಿಸಿದಾಗ ಬಂದ ಬಗ್ ಇದು. ಲಾಕ್ ಹಿಡಿದು ಎಣಿಕೆ ಒಂದು ಕಡಿಮೆ ಮಾಡಿ, ಲಾಕ್ ಬಿಟ್ಟೆವು. ಆಮೇಲೆ ಎಣಿಕೆ ಸೊನ್ನೆಯೇ ಅಂತ ನೋಡಿ, ಸೊನ್ನೆಯಾದರೆ ಫ್ರೀ ಮಾಡಿದೆವು. ಎಣಿಕೆ 2 ಇದ್ದಾಗ ಎರಡು ಸಿಪಿಯು ಒಟ್ಟಿಗೆ ಬಂದವು ಅಂದುಕೊಳ್ಳಿ. ಒಂದು 2ನ್ನು 1 ಮಾಡಿತು. ಇನ್ನೊಂದು 1ನ್ನು ಸೊನ್ನೆ ಮಾಡಿತು. ಆಮೇಲೆ ಎರಡೂ ನೋಡಿದವು, ಎರಡಕ್ಕೂ ಸೊನ್ನೆ ಕಂಡಿತು. ಎರಡೂ ಫ್ರೀ ಮಾಡಿದವು. ಮೇಲೆ ಹೇಳಿದ ಡಬಲ್ ಫ್ರೀ ಕಥೆ ಅಲ್ಲಿಂದ ಶುರು.

ಸರಿಪಡಿಸಿದ್ದು ಒಂದೇ ಸಾಲು ಮೇಲಕ್ಕೆ ತಂದು. ಕಡಿಮೆ ಮಾಡುವುದು, ಬಂದ ಉತ್ತರವನ್ನು ಎತ್ತಿಟ್ಟುಕೊಳ್ಳುವುದು, ಎರಡೂ ಒಂದೇ ಲಾಕ್ ಒಳಗೆ. ಲಿನಕ್ಸ್‌ನಲ್ಲಿ ಇದಕ್ಕಾಗಿಯೇ ರೆಫ್‌ಕೌಂಟ್ ಅನ್ನುವ ಟೈಪ್ 2017ರಲ್ಲಿ 4.11ನೇ ಆವೃತ್ತಿಗೆ ಬಂತು. ಎಣಿಕೆ ಮಿತಿ ಮೀರಿದರೆ ಅದು ಸುತ್ತಿಕೊಂಡು ಸೊನ್ನೆಗೆ ಬರುವುದಿಲ್ಲ, ಒಂದು ದೊಡ್ಡ ಸಂಖ್ಯೆಯಲ್ಲಿ ನಿಂತುಬಿಡುತ್ತದೆ. ಆ ಮೆಮೊರಿ ಲೀಕ್ ಆಗುತ್ತದೆ, ನಿಜ. ಆದರೆ ಇನ್ನೊಬ್ಬರು ಬಳಸುತ್ತಿರುವುದನ್ನು ಕಿತ್ತುಕೊಳ್ಳುವುದಕ್ಕಿಂತ ಅದು ಎಷ್ಟೋ ವಾಸಿ. ಈ ತೀರ್ಮಾನ ನನಗೆ ತುಂಬಾ ಇಷ್ಟ.

ಕಾಪಿ ಆನ್ ರೈಟ್ ಎಷ್ಟು ಸೂಕ್ಷ್ಮ ಅನ್ನುವುದಕ್ಕೆ ಡರ್ಟಿ ಕೌ ಸಾಕ್ಷಿ. ಲಿನಕ್ಸ್‌ನ ಆ ರೇಸ್ ಬಗ್ (ಇಬ್ಬರು ಒಟ್ಟಿಗೆ ಮುಟ್ಟಿದಾಗ ಮಾತ್ರ ಆಗುವ ತಪ್ಪು) 2007ರಿಂದ ಕೋಡ್‌ನಲ್ಲಿತ್ತು, ಸರಿಯಾದದ್ದು 2016ರ ಅಕ್ಟೋಬರ್‌ನಲ್ಲಿ. ಓದಲು ಮಾತ್ರ ಅನುಮತಿ ಇದ್ದ ಫೈಲ್‌ಗೆ ಸಾಮಾನ್ಯ ಬಳಕೆದಾರ ಬರೆಯಬಹುದಾಗಿತ್ತು. ಅಲ್ಲಿಂದ ರೂಟ್, ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರ, ಆಗುವುದು ಒಂದೇ ಹೆಜ್ಜೆ.

ಲೀಕ್ ವಿಷಯಕ್ಕೆ ಬಂದರೆ, ಕೆಲಸ ಸುಸೂತ್ರ ನಡೆಯುವ ದಾರಿಯಲ್ಲಿ ಲೀಕ್ ಸಿಗುವುದು ಕಡಿಮೆ. ಎಲ್ಲರೂ ಅದನ್ನು ಓಡಿಸಿ ನೋಡಿರುತ್ತಾರೆ. ಹುಡುಕಬೇಕಾದದ್ದು ಎರರ್ ದಾರಿಯಲ್ಲಿ. ಮೂರು ತುಂಡು ಬೇಕಿತ್ತು, ಎರಡು ಸಿಕ್ಕಿತು, ಮೂರನೆಯದು ಸಿಗಲಿಲ್ಲ, ಎರರ್ ಹೇಳಿ ಹೊರಬಂದೆವು. ಸಿಕ್ಕಿದ್ದ ಎರಡರ ಗತಿ? ಕರ್ನಲ್ ಕೋಡ್‌ನಲ್ಲಿ ಗೋಟು ಬಳಸಿ ಕೊನೆಯಲ್ಲಿ ಲೇಬಲ್‌ಗಳನ್ನು ಇಡುವುದು ಇದಕ್ಕೇ. ಪಡೆದ ಕ್ರಮಕ್ಕೆ ಉಲ್ಟಾ ಕ್ರಮದಲ್ಲಿ ವಾಪಸ್ ಕೊಡುತ್ತಾ ಬರುತ್ತಾರೆ. ಕಾಲೇಜಿನಲ್ಲಿ ಗೋಟು ಮುಟ್ಟಬೇಡಿ ಅಂದಿರುತ್ತಾರೆ, ಇಲ್ಲಿ ಮಾತ್ರ ಧೈರ್ಯವಾಗಿ ಬಳಸಿ. ಇನ್ನೊಂದು ಕಣ್ಣು ತಪ್ಪಿಸುವ ಲೀಕ್, ಪಡೆದ ತುಂಡಿನ ಅಳತೆ ಬದಲಿಸಿಕೊಡುವ ಕೆರೀಅಲಾಕ್‌ನಲ್ಲಿ. ಅದರ ಉತ್ತರವನ್ನು ಹಳೆಯ ಪಾಯಿಂಟರ್‌ನಲ್ಲೇ ಹಾಕಿಕೊಂಡರೆ, ಮೆಮೊರಿ ಸಿಗದಾಗ ಪಾಯಿಂಟರ್ ನಲ್ ಆಗುತ್ತದೆ. ಹಳೆಯ ತುಂಡು ಹಾಗೇ ಇದೆ, ಅದರ ವಿಳಾಸ ಮಾತ್ರ ಹೋಯಿತು. ಉತ್ತರವನ್ನು ಬೇರೆ ಪಾಯಿಂಟರ್‌ನಲ್ಲಿ ಹಿಡಿದು ನೋಡಿ, ಆಮೇಲೆ ಬದಲಿಸಿ.

ಉಪಕರಣಗಳಲ್ಲಿ ಮೊದಲು ಕಲಿಯಬೇಕಾದದ್ದು, ಮುಟ್ಟಬಾರದ ಮೆಮೊರಿಯನ್ನು ಕರ್ನಲ್ ಮುಟ್ಟಿದರೆ ಹಿಡಿದು ವರದಿ ಕೊಡುವ ಲಿನಕ್ಸ್‌ನ ಕೆಎಸ್ಯಾನ್. 2015ರಲ್ಲಿ 4.0ನೇ ಆವೃತ್ತಿಗೆ ಸೇರಿತು. ಪ್ರತಿ 8 ಬೈಟ್ ಮೆಮೊರಿಗೆ 1 ಬೈಟ್ ನೆರಳು ಇಟ್ಟು, ಮುಟ್ಟಬಹುದೇ ಇಲ್ಲವೇ ಅಂತ ಅದರಲ್ಲಿ ಬರೆದಿರುತ್ತದೆ. ನೆರಳು ಸೊನ್ನೆ ಆದರೆ ಎಂಟೂ ಬೈಟ್ ಮುಟ್ಟಬಹುದು. 1ರಿಂದ 7ರ ಒಳಗಿದ್ದರೆ ಮೊದಲ ಅಷ್ಟು ಬೈಟ್ ಮಾತ್ರ. ಎಫ್‌ಬಿ ಅಂತ ಇದ್ದರೆ ವಾಪಸ್ ಕೊಟ್ಟ ತುಂಡು, ಎಫ್‌ಸಿ ಆದರೆ ಅಂಚಿನಾಚೆಯ ಬೇಲಿ. ಯೂಸ್ ಆಫ್ಟರ್ ಫ್ರೀ ವರದಿಯಲ್ಲಿ ಮೂರು ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಅನ್ನುವ ಪಟ್ಟಿ) ಬರುತ್ತವೆ: ಈಗ ಮುಟ್ಟಿದವರದ್ದು, ಹಿಂದೆ ಪಡೆದವರದ್ದು, ವಾಪಸ್ ಕೊಟ್ಟವರದ್ದು. ಎಲ್ಲರೂ ಮೊದಲನೆಯದನ್ನು ಓದಿ ಅಲ್ಲೇ ಕೂರುತ್ತಾರೆ. ನಾನು ವಾಪಸ್ ಕೊಟ್ಟವರ ಸ್ಟ್ಯಾಕ್‌ನಿಂದ ಶುರು ಮಾಡುತ್ತೇನೆ. ಅವರಿಗೆ ಅದನ್ನು ವಾಪಸ್ ಕೊಡುವ ಹಕ್ಕು ಆಗ ಇತ್ತಾ? ಇದ್ದರೆ ಮಾತ್ರ ಮುಟ್ಟಿದವರನ್ನು ವಿಚಾರಿಸುತ್ತೇನೆ.

ಲೀಕ್‌ಗೆ ಕೆಮೆಮ್‌ಲೀಕ್ ಇದೆ. ಅದು ಮೆಮೊರಿಯನ್ನೆಲ್ಲ ಜಾಲಾಡಿ, ಯಾವ ಪಾಯಿಂಟರೂ ತೋರಿಸದ ತುಂಡುಗಳ ಪಟ್ಟಿ ಕೊಡುತ್ತದೆ. ಕೆಲವು ಸಲ ನಿಜವಾಗಿ ಲೀಕ್ ಅಲ್ಲದ್ದೂ ಅದರಲ್ಲಿ ಬರುತ್ತದೆ. ಎರಡು ಮೂರು ಸಲ ಸ್ಕ್ಯಾನ್ ಮಾಡಿ ಹೋಲಿಸಿ. ಎಕ್ಸ್‌ವಿ6ನಲ್ಲಿ ಇವ್ಯಾವುವೂ ಇಲ್ಲ, ಆದರೆ ಅದರ ಯೂಸರ್‌ಟೆಸ್ಟ್ಸ್ ಪರೀಕ್ಷೆಗಳ ಮುಂಚೆ, ಆಮೇಲೆ ಖಾಲಿ ಪೇಜ್ ಎಣಿಸಿ ಕಡಿಮೆಯಾಗಿದ್ದರೆ ಹೇಳುತ್ತದೆ. ಸಂಜೆ ಮಂಡಿಯಲ್ಲಿ ಕ್ರೇಟ್ ಎಣಿಸಿದ ಹಾಗೆ.

ಪ್ಯಾಚ್, ಅಂದರೆ ಬಗ್ ಸರಿಪಡಿಸುವ ಬದಲಾವಣೆ, ಬರೆಯುವಾಗ ಒಂದು ಆಸೆ ಬರುತ್ತದೆ. ಕ್ರ್ಯಾಶ್ ಆದ ಸಾಲಿನ ಮೇಲೆ ನಲ್ ಆಗಿದೆಯೇ ಅಂತ ಒಂದು ಚೆಕ್ ಹಾಕಿಬಿಡುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ವಾಪಸ್ ಕೊಟ್ಟ ಮೆಮೊರಿಯ ಪಾಯಿಂಟರ್ ನಲ್ ಆಗಿರುವುದೇ ಇಲ್ಲ, ಹಳೆಯ ವಿಳಾಸವನ್ನೇ ಹಿಡಿದಿರುತ್ತದೆ. ಚೆಕ್ ಅದನ್ನು ಆರಾಮಾಗಿ ಒಳಗೆ ಬಿಡುತ್ತದೆ. ಬಗ್ ಯಾವ ಕಮಿಟ್‌ನಲ್ಲಿ (ಕೋಡ್‌ಗೆ ಸೇರಿಸಿದ ಒಂದೊಂದು ಬದಲಾವಣೆ) ಬಂತು ಅಂತ ಗಿಟ್ ಬೈಸೆಕ್ಟ್‌ನಿಂದ ಹುಡುಕಿ. ಅರ್ಧ ಅರ್ಧ ಮಾಡುತ್ತಾ ಹೋದರೆ ಸಾವಿರ ಕಮಿಟ್ ಇದ್ದರೂ ಸುಮಾರು ಹತ್ತು ಸಲ ಬೂಟ್ ಮಾಡಿದರೆ ಸಾಕು. ಲಿನಕ್ಸ್‌ಗೆ ಕಳಿಸುವ ಪ್ಯಾಚ್‌ನಲ್ಲಿ ಫಿಕ್ಸಸ್ ಅಂತ ಒಂದು ಸಾಲು ಇಟ್ಟು ಆ ಕಮಿಟ್‌ನ ಗುರುತಿನ ಮೊದಲ 12 ಅಕ್ಷರ ಬರೆಯುತ್ತಾರೆ. ಹಳೆಯ ಆವೃತ್ತಿಗಳಲ್ಲಿ ಯಾವುದಕ್ಕೆ ಈ ಪ್ಯಾಚ್ ಬೇಕು ಅನ್ನುವುದು ಆ ಸಾಲಿನಿಂದಲೇ ಗೊತ್ತಾಗುತ್ತದೆ.

ಮುಂದಿನ ಭಾನುವಾರಕ್ಕೆ ನಾವು ಇಟ್ಟುಕೊಂಡಿರುವ ಕೆಲಸ ಇದು, ನೀವೂ ಮಾಡಿ. ಎಕ್ಸ್‌ವಿ6ನ ಕೆಫ್ರೀಯಲ್ಲಿ ಪೇಜ್ ವಿಳಾಸ ಸರಿಯಿದೆಯೇ ಅಂತ ನೋಡುವ ಚೆಕ್ ಇದೆ. ಅದರ ಪಕ್ಕದಲ್ಲೇ, ಈ ಪೇಜ್ ಈಗಾಗಲೇ ಖಾಲಿ ಲಿಸ್ಟ್‌ನಲ್ಲಿ ಇದೆಯೇ ಅಂತ ಕಂಡುಹಿಡಿದು ಪ್ಯಾನಿಕ್ ಮಾಡುವ ಕೋಡ್ ಬರೆಯಿರಿ. ಪೂರ್ತಿ ಲಿಸ್ಟ್ ಸುತ್ತಿದರೆ ತುಂಬಾ ನಿಧಾನ ಆಗುತ್ತದೆ. ಪ್ರತಿ ಪೇಜ್‌ಗೆ ಒಂದು ಬಿಟ್ ಇಟ್ಟರೆ 32,768 ಪೇಜ್‌ಗೆ 4096 ಬೈಟ್, ಅಂದರೆ ಸರಿಯಾಗಿ ಒಂದು ಪೇಜ್. ಆ ಬಿಟ್ ನೋಡುವುದು, ಬದಲಿಸುವುದು ಎರಡೂ ಒಂದೇ ಲಾಕ್ ಒಳಗೆ ಇರಲಿ.